ತೋಟದ ಮನೆಗೆ ಕಾಲ್ ಬರಬೇಕು: ವೈಫೈ ಕಾಲಿಂಗಾ, ಚಾವಣಿ ಆಂಟೆನಾನಾ? ಅನುಭವ ಇದ್ದವರು ಹೇಳಿ

ಕೊಟ್ಟಿಗೆಹಾರ: ಅಂಗಳದಲ್ಲಿ 4ಜಿ ಒಂದು ಕಡ್ಡಿ, ಒಳಗೆ ಅದೂ ಇಲ್ಲ. ಫೈಬರ್ ಮನೆವರೆಗೆ ಬಂದಿದೆ. ಮಾಮೂಲಿ ಕಾಲ್, ಬ್ಯಾಂಕ್ ಓಟಿಪಿ ಎರಡೂ ಬರಬೇಕು. ಯಾವುದು ಹಾಕಿಸಲಿ?

ಹೆತ್ತೂರು: ಆಂಟೆನಾ, 4ಜಿ ರೂಟರ್. ದುಡ್ಡು ನುಂಗೋದು ಆಂಟೆನಾ ಅಲ್ಲ, ಕೇಬಲ್. ಅಂಗಡಿಯವರು ಕೊಡೋ ತೆಳ್ಳನೆ ಆರ್‌ಜಿ-58 ಅನ್ನು 20 ಮೀಟರ್ ಎಳೆದರೆ 1800 ಮೆಗಾಹರ್ಟ್ಸ್‌ನಲ್ಲಿ ಹತ್ತು ಡೆಸಿಬೆಲ್‌ಗಿಂತ ಜಾಸ್ತಿ ಸಿಗ್ನಲ್ ದಾರೀಲೇ ಹೋಗುತ್ತೆ, ಅಂದರೆ ಹತ್ತರಲ್ಲಿ ಒಂದು ಪಾಲೂ ಉಳಿಯಲ್ಲ, ಆಂಟೆನಾ ಹಾಕಿದ್ದೇ ದಂಡ. ದಪ್ಪನೆ ಎಲ್‌ಎಂಆರ್-400 ಕೇಬಲಲ್ಲಿ ನಾಲ್ಕರ ಆಸುಪಾಸು. 4ಜಿಗೆ ಆಂಟೆನಾ ಎರಡು ಬೇಕು: ಒಂದು ಬಲಕ್ಕೆ 45 ಡಿಗ್ರಿ ಓರೆ, ಇನ್ನೊಂದು ಎಡಕ್ಕೆ. ಅಂದರೆ ಆ ದುಬಾರಿ ಕೇಬಲ್ಲೂ ಎರಡು. ಕನೆಕ್ಟರಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತದಿದ್ದರೆ ಮೊದಲ ಮಳೆಗಾಲಕ್ಕೇ ಕಿಲುಬು. ತಿರುಗಿಸುವಾಗ ಕಡ್ಡಿ ನೋಡಬೇಡಿ, ರೂಟರ್ ಪುಟದಲ್ಲಿ ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋ ಅಂಕಿ) ನೋಡಿ. ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್ಲಿನ ಬಲ) ಮೈನಸ್ 105 ಇದ್ದರೂ ಎಸ್‌ಐಎನ್‌ಆರ್ 10 ದಾಟಿದರೆ ಮಾತು ಕತ್ತರಿಸಲ್ಲ.

ಕಳಸ: ಫೈಬರ್ ಇದೆ ಅಂತ ಬರೆದಿದ್ದಾರಲ್ಲ ಮಾರಾಯ್ರೆ, ಈ ಕೇಬಲ್ ಪುರಾಣ ಯಾಕೆ? ವೈಫೈ ಕಾಲಿಂಗ್ ಹಾಕ್ರಿ, ಮಾಮೂಲಿ ಕಾಲೇ ಟವರ್ ಬದಲು ಮನೆ ವೈಫೈ ಮೇಲೆ ಬರುತ್ತೆ. ಒಂದು ಕಡ್ಡಿ ಇರೋದೇ ಕಾಟ: ಫೋನು ಅದನ್ನೇ ಹಿಡ್ಕೊಂಡು ವೈಫೈಗೆ ಇಳಿಯಲ್ಲ. ಸೆಟ್ಟಿಂಗಲ್ಲಿ ವೈಫೈಗೆ ಆದ್ಯತೆ ಕೊಡಿ. ಆ ಆಯ್ಕೆ ಇಲ್ಲದಿದ್ದರೆ ಫ್ಲೈಟ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ. ಸಿಮ್ ಕಂಪನಿ ಐಎಂಎಸ್ (ಇಂಟರ್ನೆಟ್ ದಾರೀಲಿ ಕಾಲ್, ಮೆಸೇಜ್ ಸಾಗಿಸೋ ವ್ಯವಸ್ಥೆ) ಮೇಲೆ ಎಸ್‌ಎಂಎಸ್ ಬಿಟ್ಟಿದ್ದರೆ ಓಟಿಪಿನೂ ಅದರಲ್ಲೇ ಬರುತ್ತೆ. ರೂಟರಲ್ಲಿ ಯುಡಿಪಿ 500, 4500 ಪೋರ್ಟುಗಳನ್ನ (ವೈಫೈ ಕಾಲ್ ಹೊರಡೋ ಬಾಗಿಲುಗಳು) ಹೊರಕ್ಕೆ ಬಿಡಬೇಕು. ನೀವು ಮಾಡಿದ ಕಾಲ್ ಹೋಗುತ್ತೆ, ಬರೋದು ಮಾತ್ರ ಬರಲ್ಲ ಅಂದ್ರೆ ರೂಟರ್ ಆ ಸಂಪರ್ಕನ ಬೇಗ ಮರೀತಿದೆ. ಯುಡಿಪಿ ಟೈಮ್‌ಔಟ್ 30 ಸೆಕೆಂಡ್ ಇದ್ದರೆ 180ಕ್ಕೆ ಏರಿಸಿ.

ಹೆತ್ತೂರು: ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ತುಂಡಾದಾಗ ಏನು ಏರಿಸ್ತೀರಿ? ಕರೆಂಟ್ ಹೋದಾಗ?

ಕಳಸ: ಕರೆಂಟ್ ನಿಮ್ಮ ರೂಟರಿಗೂ ಬೇಕು ಸ್ವಾಮಿ. 12 ವೋಲ್ಟ್ 7 ಎಎಚ್ ಬ್ಯಾಟರಿ ಅಂದ್ರೆ 84 ವ್ಯಾಟ್-ಅವರ್. ಫೈಬರ್ ಡಬ್ಬಿ 10 ವ್ಯಾಟ್ ಎಳೆದರೆ ಕಾಗದದ ಮೇಲೆ ಎಂಟು ಗಂಟೆ. ಲೆಡ್ ಆಸಿಡ್ಡನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ನಾಲ್ಕೇ ಹಿಡೀರಿ. ಚಾರ್ಜ್ ಆಗುವಾಗ 13.8 ವೋಲ್ಟ್ ಏರುತ್ತೆ, ನಡುವೆ ಬಕ್-ಬೂಸ್ಟ್ ಕನ್ವರ್ಟರ್ (ವೋಲ್ಟ್ 12ಕ್ಕೇ ನಿಲ್ಲಿಸೋ ಡಬ್ಬಿ) ಇಲ್ಲದೆ ನೇರ ಕೊಡಬೇಡಿ.

ಬಾಳೆಹೊನ್ನೂರು: ಇಬ್ರೂ ಸುಮ್ನಿರಿ. ಆನ್‌ಲೈನಲ್ಲಿ ಸಿಗ್ನಲ್ ಬೂಸ್ಟರ್ ತರಿಸಿ, ಕೆಲಸ ಮುಗೀತು.

ಹಾಸನ ಪೇಟೆ: ಕೆಲಸ ಅಲ್ಲ, ಊರೇ ಮುಗೀತು. ಅನುಮತಿ ಇಲ್ಲದ ಬೂಸ್ಟರ್ ಕಾನೂನುಬಾಹಿರ. ಒಳಗಿನ, ಹೊರಗಿನ ಆಂಟೆನಾ ಹತ್ತಿರ ಇದ್ದರೆ ತಾನು ಬಿಟ್ಟಿದ್ದನ್ನೇ ತಾನು ಹಿಡಿದು ಮತ್ತೆ ದೊಡ್ಡದು ಮಾಡಿ ಬಿಡುತ್ತೆ. ಟವರಿನ ಅಪ್‌ಲಿಂಕ್ (ಫೋನಿಂದ ಟವರಿಗೆ ಹೋಗೋ ಸಿಗ್ನಲ್) ಕೆಟ್ಟು ಅಕ್ಕಪಕ್ಕದ ತೋಟದವರ ಕಾಲೂ ಹೋಗುತ್ತೆ.

ಬಾಳೆಹೊನ್ನೂರು: ಹಾಗಾದ್ರೆ ವಾಟ್ಸ್ಯಾಪ್ ಸಾಕಲ್ಲ. ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಎರಡು ಸಾಲಿಗೇ ಎರಡು ಮೆಸೇಜ್ ಲೆಕ್ಕ, ಸುಲಿಗೆ.

ಹಾಸನ ಪೇಟೆ: ಸುಲಿಗೆ ಅಲ್ಲ, ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನ ಅಂಕಿಯಾಗಿ ಕಳಿಸೋ ರೀತಿ. ಒಂದು ಮೆಸೇಜಲ್ಲಿ ಇಂಗ್ಲಿಷಾದರೆ 160 ಅಕ್ಷರ, ನಡುವೆ ಒಂದೇ ಕನ್ನಡ ಅಕ್ಷರ ಬಂದರೂ 70. ದಾಟಿದರೆ 67ರ ತುಂಡುಗಳು. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ: 'ಗೊಬ್ಬರ' ಕಣ್ಣಿಗೆ ಮೂರು, ಲೆಕ್ಕಕ್ಕೆ ಆರು. ಮತ್ತೆ, ವಾಟ್ಸ್ಯಾಪಲ್ಲಿ 112ಕ್ಕೆ ಕಾಲ್ ಹೋಗಲ್ಲ, ನೆನಪಿರಲಿ.

ಕೊಟ್ಟಿಗೆಹಾರ: ಸರಿ, ವೈಫೈ ಕಾಲಿಂಗಿಗೆ ಯಾವ ಫೋನಾದ್ರೂ ನಡೆಯುತ್ತಾ?

ಕಳಸ: ಇಲ್ಲ. ಆ ಮಾಡೆಲ್ಲಿಗೆ ನಿಮ್ಮ ಸಿಮ್ ಕಂಪನಿ ಸೌಲಭ್ಯ ಬಿಟ್ಟಿರಬೇಕು. ಹೊರದೇಶದಿಂದ ತಂದ ಫೋನಲ್ಲಿ ಎಷ್ಟೋ ಸಲ ಆ ಬಟನ್ನೇ ಕಾಣಲ್ಲ.

ಹೆತ್ತೂರು: ಕಾಣದಿದ್ದರೆ ಆಂಟೆನಾನೇ ಉಪಯೋಗಕ್ಕೆ ಬರೋದು, ಅಲ್ವಾ ಕಳಸದವ್ರೆ? ಕಾಲ್ ಬರೋ ಸಿಮ್ಮನ್ನೇ ರೂಟರಿಗೆ ಹಾಕಿ, ಹಿಂದೆ ಆರ್‌ಜೆ-11 ತೂತು (ಲ್ಯಾಂಡ್‌ಲೈನ್ ವೈರಿನ ಜಾಗ) ಇರೋ ವೋಲ್ಟಿ ರೂಟರ್ (4ಜಿ ಮೇಲೇ ಕಾಲ್ ಮಾಡೋದು) ತಗೊಂಡು ಲ್ಯಾಂಡ್‌ಲೈನ್ ಸೆಟ್ ಚುಚ್ಚಿದರೆ ಫೋನಿನ ಹಂಗೇ ಇಲ್ಲ. ಓಟಿಪಿ ರೂಟರ್ ಪುಟದಲ್ಲೇ ಓದಬಹುದು.