ಹೋಸ್ಟ್, ಗೆಸ್ಟ್: ‘ಆತಿಥೇಯ, ಅತಿಥಿ’ ಬಿಟ್ಟು ಬೇರೆ ಜೋಡಿ ಇದೆಯಾ?

ಎಲ್ಲರಿಗೂ ನಮಸ್ಕಾರ,

ಬಾಗಲಕೋಟೆಯ ನವನಗರದಲ್ಲಿ ಡಿಪ್ಲೊಮಾ, ಬಿಸಿಎ ಓದುವ ಹುಡುಗ ಹುಡುಗಿಯರಿಗೆ ಲಿನಕ್ಸ್ ಹೇಳಿಕೊಡುತ್ತೇನೆ. ಅವರಲ್ಲಿ ಬಹಳ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಕಲಿತವರು. ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ನಡೆಸುವ ಸಾಫ್ಟ್‌ವೇರ್) ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವುದು ಹೇಗೆ, ಎಲ್ಲೆಲ್ಲಿ ಅದು ಕೈಕೊಡುತ್ತದೆ ಅಂತ ಅವರಿಗಾಗಿ ಕನ್ನಡದಲ್ಲೊಂದು ಟಿಪ್ಪಣಿ ಬರೆಯುತ್ತಿದ್ದೇನೆ. ಹೋಸ್ಟ್, ಗೆಸ್ಟ್ ಎಂಬ ಜೋಡಿಗೆ ಯಾವ ಪದ ಬಳಸಬೇಕು ಅನ್ನುವಲ್ಲಿ ನಿಮ್ಮ ಸಲಹೆ ಬೇಕು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಮುಂದಿರುವ ನಿಜವಾದ ಲ್ಯಾಪ್‌ಟಾಪ್, ಅದರಲ್ಲಿರುವ ವಿಂಡೋಸ್, ಇದು ಹೋಸ್ಟ್. ಅದರ ಒಂದು ಕಿಟಕಿಯೊಳಗೆ ನಡೆಯುವ ಇನ್ನೊಂದು ಕಂಪ್ಯೂಟರ್, ಅಂದರೆ ಉಬುಂಟು, ಗೆಸ್ಟ್.

ಪದಪಟ್ಟಿಗಳಲ್ಲಿ ಸಿಗುವುದು ‘ಆತಿಥೇಯ’ ಮತ್ತು ‘ಅತಿಥಿ’. ಅರ್ಥದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕೆಲಸ ಕೆಟ್ಟಾಗ ಓದುವ ಬರಹದಲ್ಲಿ ಈ ಎರಡು ಪದ ತೊಂದರೆ ಕೊಡುತ್ತವೆ. ನೋಡುವುದಕ್ಕೆ ಹತ್ತಿರ ಹತ್ತಿರ, ಅರ್ಥ ಪೂರ್ತಿ ಉಲ್ಟಾ. ಇನ್‌ಸ್ಟಾಲ್ ಆಗದೆ ಒದ್ದಾಡುತ್ತಿರುವವರು ಯಾರೂ ಅಕ್ಷರ ಅಕ್ಷರ ಬಿಡಿಸಿ ಓದುವುದಿಲ್ಲ, ಅಲ್ವಾ?

ಒಂದು ಉದಾಹರಣೆ ಕೊಡುತ್ತೇನೆ. ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಶುರು ಮಾಡಿದ ಕೂಡಲೇ ‘ವಿಟಿ-ಎಕ್ಸ್ ಈಸ್ ಡಿಸೇಬಲ್ಡ್ ಇನ್ ದ ಬಯೋಸ್’ ಅಂತ ಬಂದು ನಿಂತುಬಿಡುತ್ತದೆ. ಪ್ರೊಸೆಸರ್‌ನಲ್ಲಿರುವ ವರ್ಚುವಲೈಸೇಶನ್ ಸೌಲಭ್ಯ ಆಫ್ ಆಗಿದೆ ಅಂತ ಅದರರ್ಥ. ನಿಜವಾದ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ಅದರ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಸಿಗುವ ಸೆಟ್ಟಿಂಗ್ ಪರದೆಗೆ ಹೋಗಿ, ಅದನ್ನು ಆನ್ ಮಾಡಬೇಕು. ಎಎಮ್‌ಡಿ ಪ್ರೊಸೆಸರ್ ಇದ್ದರೆ ಅಲ್ಲಿ ‘ಎಸ್‌ವಿಎಮ್’ ಅಂತ ಇರುತ್ತದೆ. ಲ್ಯಾಬಿನಲ್ಲಿ ಓಡಾಡುತ್ತಿದ್ದ ಹಾಳೆಯೊಂದರಲ್ಲಿ ‘ಆತಿಥೇಯ ಗಣಕದ ಬಯೋಸ್‌ನಲ್ಲಿ ಆನ್ ಮಾಡಿ’ ಅಂತ ಇತ್ತು. ಅದನ್ನು ಓದಿ ಒಬ್ಬಳು ವರ್ಚುವಲ್‌ಬಾಕ್ಸ್ ಕಿಟಕಿಯ ಮೇಲೆ ಕ್ಲಿಕ್ ಮಾಡಿ ಬಯೋಸ್ ತೆರೆಯಲು ಎಫ್2 ಒತ್ತುತ್ತಾ ಕೂತಿದ್ದಳು. ಪಕ್ಕದವನು ಬಂದು ಕೇಳಿದ: ‘ಸರ್, ಇದು ಮನಿ ಕಂಪ್ಯೂಟರ್‌ದಾಗ ಮಾಡೂದೇನ್ರಿ, ಬೀಗರ ಕಂಪ್ಯೂಟರ್‌ದಾಗ ಮಾಡೂದೇನ್ರಿ?’

ಆ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ನಮ್ಮ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ. ಹುಡುಗನಿಗೆ ವಿಷಯ ಸರಿಯಾಗಿ ತಿಳಿದಿತ್ತು, ಹಾಳೆಯಲ್ಲಿದ್ದ ಪದ ಮಾತ್ರ ಅವನಿಗೆ ದಾರಿ ತೋರಿಸಿರಲಿಲ್ಲ. ಆದರೂ ‘ಬೀಗರು’ ಅಂತ ಬರೆದರೆ ಮೈಸೂರು ಕಡೆಯವರು ಮಕ್ಕಳ ಮದುವೆಯ ಸಂಬಂಧ ಅಂತಲೇ ತಿಳಿಯುತ್ತಾರೆ. ‘ಮನೆಯವರು’ ಅಂದರೆ ಗಂಡನೋ ಹೆಂಡತಿಯೋ ಆಗುತ್ತದೆ. ‘ಬಾಡಿಗೆದಾರ’ ಅಂತ ಒಬ್ಬರು ಸೂಚಿಸಿದ್ದರು. ಕ್ಲೌಡ್‌ನಲ್ಲಿ ‘ಟೆನೆಂಟ್’ (ಒಂದೇ ವ್ಯವಸ್ಥೆಯನ್ನು ಹಂಚಿಕೊಂಡು ಬಳಸುವ ಗ್ರಾಹಕ) ಅನ್ನುವುದು ಬೇರೆಯೇ ಇದೆ, ಹಾಗಾಗಿ ಅದು ಬೇಡ.

ನಾನು ಈಗ ಬಳಸುತ್ತಿರುವುದು ‘ಹೊರಗಿನ ಕಂಪ್ಯೂಟರ್’, ‘ಒಳಗಿನ ಕಂಪ್ಯೂಟರ್’. ಸುಮ್ನೆ ಓದಿ ನೋಡಿ: ‘ಒಟ್ಟು 8 ಜಿಬಿ ಮೆಮೊರಿ ಇದ್ದರೆ ಒಳಗಿನದಕ್ಕೆ 4 ಕೊಡಿ, ಹೊರಗಿನದಕ್ಕೆ 4 ಉಳಿಯಲಿ. ಜಾಸ್ತಿ ಕೊಟ್ಟರೆ ಹೊರಗಿನದು ಉಸಿರುಗಟ್ಟಿ ಎರಡೂ ನಿಲ್ಲುತ್ತವೆ.’ ಇನ್ನೊಂದು ಕಡೆ ಇನ್‌ಸ್ಟಾಲರ್ ‘ಎರೇಸ್ ಡಿಸ್ಕ್’ ಅನ್ನುತ್ತದೆ. ಅದನ್ನು ನೋಡಿ ಮಕ್ಕಳು ಹೆದರಿ ಕ್ಯಾನ್ಸಲ್ ಮಾಡುತ್ತಾರೆ. ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಅದು, ಹೆದರದೆ ಏನು ಮಾಡುತ್ತಾರೆ? ಅಲ್ಲಿ ‘ಒಳಗಿನ ಡಿಸ್ಕ್ ಮಾತ್ರ ಅಳಿಯುತ್ತದೆ. ಹೊರಗಿನ ಕಂಪ್ಯೂಟರ್‌ಗೆ ಅದು ಬರೀ ಒಂದು ಫೈಲು’ ಅಂತ ಬರೆದರೆ ಧೈರ್ಯ ಬರುತ್ತದೆ. ‘ಅತಿಥಿಯ ಡಿಸ್ಕ್’ ಅಂದರೆ ಬರುವುದಿಲ್ಲ.

‘ಹೋಸ್ಟ್ ಕೀ’ ಅನ್ನುವುದಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಮೌಸು ಕಿಟಕಿಯೊಳಗೆ ಸಿಕ್ಕಿಕೊಂಡಾಗ ಬಲಗಡೆಯ ಕಂಟ್ರೋಲ್ ಕೀ ಒತ್ತಿದರೆ ಬಿಡುಗಡೆಯಾಗುತ್ತದೆ. ಅದನ್ನು ‘ಹೊರಬರುವ ಕೀ’ ಅಂದರೆ ಬೇರೆ ವಿವರಣೆಯೇ ಬೇಡ.

ತೊಡಕು ಇರುವುದು ‘ಗೆಸ್ಟ್ ಅಡಿಶನ್ಸ್’ ಹತ್ತಿರ. ಪರದೆ ದೊಡ್ಡದಾಗದಿದ್ದರೆ, ಕಾಪಿ ಪೇಸ್ಟ್ ಆಗದಿದ್ದರೆ ಇದನ್ನು ಹಾಕಬೇಕು. ಇದರ ಮೆನು ಇರುವುದು ಹೊರಗೆ, ವರ್ಚುವಲ್‌ಬಾಕ್ಸ್ ಕಿಟಕಿಯ ಮೇಲಿನ ‘ಡಿವೈಸಸ್’ನಲ್ಲಿ. ಇನ್‌ಸ್ಟಾಲ್ ಆಗುವುದು ಮಾತ್ರ ಒಳಗೆ. ‘ಒಳಗಿನ ಸೇರ್ಪಡೆ’ ಅಂದರೆ ಕನ್ನಡಕ್ಕೆ ಒಗ್ಗುತ್ತಿಲ್ಲ. ಅದೊಂದು ಹೆಸರು, ಪರದೆಯ ಮೇಲೂ ಇಂಗ್ಲಿಷಿನಲ್ಲೇ ಕಾಣುತ್ತದೆ. ಹಾಗಾಗಿ ‘ಗೆಸ್ಟ್ ಅಡಿಶನ್ಸ್’ ಅಂತಲೇ ಬಿಡುವುದು ವಾಸಿ ಅನ್ನಿಸುತ್ತದೆ. ಆದರೆ ಆಗ ಮಕ್ಕಳು ‘ಗೆಸ್ಟ್’ ಪದವನ್ನೂ ಕಲಿಯಲೇಬೇಕಾಗುತ್ತದೆ.

‘ವರ್ಚುವಲ್’ಗೆ ಪದ ಹುಡುಕುತ್ತಿಲ್ಲ. ಬೆಳಕಿನ ಪಾಠದ ‘ಮಿಥ್ಯ ಪ್ರತಿಬಿಂಬ’ದಿಂದ ಎತ್ತಿಕೊಂಡು ‘ಮಿಥ್ಯ ಯಂತ್ರ’ ಅನ್ನಬಹುದು. ಆದರೆ ನಿಜವಾದ 4 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್ ಕೇಳುವ ಯಂತ್ರವನ್ನು ಸುಳ್ಳು ಅಂತ ಕರೆಯಲು ನನಗೆ ಮನಸ್ಸಿಲ್ಲ.

ನನ್ನ ಪ್ರಶ್ನೆ ಎರಡು. ವರ್ಚುವಲ್ ಯಂತ್ರದೊಳಗೆ ಇನ್ನೊಂದು ವರ್ಚುವಲ್ ಯಂತ್ರ ನಡೆಸಿದಾಗ ಮಧ್ಯದ್ದು ಒಂದಕ್ಕೆ ಒಳಗಿನದು, ಇನ್ನೊಂದಕ್ಕೆ ಹೊರಗಿನದು. ಇಂಗ್ಲಿಷಿನಲ್ಲೂ ಹೀಗೇ ಇದೆಯಾದರೂ, ‘ಒಳಗೆ, ಹೊರಗೆ’ ಅಲ್ಲಿ ಓದುವವರಿಗೆ ಗೊಂದಲ ಮಾಡುತ್ತದಾ? ಮತ್ತೆ, ಬೆಳಗಾವಿ, ವಿಜಯಪುರ ಕಡೆ ಲ್ಯಾಬ್ ನಡೆಸುವವರು ಮಕ್ಕಳ ಜೊತೆ ಮಾತಾಡುವಾಗ ಇವಕ್ಕೆ ಏನನ್ನುತ್ತೀರಿ? ಪದಕೋಶದಲ್ಲಿರುವುದಲ್ಲ, ಬಾಯಲ್ಲಿ ಬರುವುದನ್ನೇ ಬರೆಯಿರಿ.