ಕಣಕುಂಬಿಯ ಒರತೆಯ ಬಳಿ ಕಂಡ ಹಳದಿ ಹೂವಿನ ಗಿಡ ಯಾವುದು?

ಪ್ರಶ್ನೆ:
ಮಾನ್ಯರೇ, ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಸಮೀಪ, ಒರತೆಯೊಂದರ ಪಕ್ಕದ ಕೆಸರಿನಲ್ಲಿ ಎದೆಮಟ್ಟ ಬೆಳೆದ ಗಿಡವೊಂದನ್ನು ಕಂಡೆ. ಅಚ್ಚ ಹಳದಿಯ ನಾಲ್ಕು ಎಸಳುಗಳು ಮುಟ್ಟಿದೊಡನೆ ಉದುರಿದವು. ಕಾಂಡದ ಮೇಲೆ ನವಿರಾದ ರೋಮಗಳಿದ್ದವು. ಇದು ಕಾಡುಸಾಸಿವೆಯೇ?

ಉತ್ತರ:
ಸಾಸಿವೆಯಾಗಿರಲಾರದು. ಸಾಸಿವೆಯ ಕಾಯಿ ಎಸಳುಗಳ ಮೇಲ್ಗಡೆ ಬೆಳೆಯುತ್ತದೆ. ತಾವು ಕಂಡ ಗಿಡದಲ್ಲಿ ಎಸಳುಗಳ ಕೆಳಗೆ ದಪ್ಪ ತೊಟ್ಟಿನಂತೆ ಕಾಣುವ ಭಾಗವೇ ಬಲಿತು ಉದ್ದನೆಯ ಕಾಯಾಗಿ, ತುದಿಯಲ್ಲಿ ನಾಲ್ಕು ಪುಷ್ಪಪತ್ರಗಳನ್ನು (ಎಸಳುಗಳ ಹೊರಗಿನ ಹಸಿರು ಎಲೆಯಂಥ ಭಾಗಗಳನ್ನು) ಹಾಗೆಯೇ ಉಳಿಸಿಕೊಂಡಿದ್ದರೆ, ಅದು ಲುಡ್ವಿಜಿಯಾ ಕುಲದ ಗಿಡವೆಂದು ಧೈರ್ಯವಾಗಿ ಹೇಳಬಹುದು. ಕಾಯಿ ಲವಂಗವನ್ನು ಹೋಲುವುದರಿಂದ ನಮ್ಮ ಗಡಿಭಾಗದ ಮರಾಠಿಗರು ಇದನ್ನು ಪಾಣಲವಂಗ ಎನ್ನುತ್ತಾರೆ. ಎಷ್ಟು ಒಪ್ಪುವ ಹೆಸರು! ಕೇಸರಗಳನ್ನು ಎಣಿಸಿದಿರಾ?

ಪ್ರಶ್ನೆ ಕೇಳಿದವರು:
ಇಂದು ಮತ್ತೆ ಹೋಗಿ ಭೂತಗನ್ನಡಿಯಲ್ಲಿ ನೋಡಿದೆ. ಕೇಸರಗಳು ಎಂಟು, ಹೂವು ರೂಪಾಯಿ ನಾಣ್ಯದಷ್ಟು ಅಗಲವಿದೆ. ಒಣಗಿದ ಕಾಯಿಯನ್ನು ಬೆರಳಲ್ಲಿ ಹೊಸೆದಾಗ ಅದರ ಗೆರೆಗಳುದ್ದಕ್ಕೂ ಬಿರಿದು, ಧೂಳಿನಷ್ಟು ಸಣ್ಣ ಬೀಜಗಳು ಅಂಗೈಗೆ ಅಂಟಿದವು.

ಇನ್ನೊಂದು ಉತ್ತರ:
ಹಾಗಾದರೆ ಇದು ಲುಡ್ವಿಜಿಯಾ ಆಕ್ಟೋವಾಲ್ವಿಸ್. ನಾಲ್ಕೇ ಕೇಸರಗಳಿದ್ದು ಹೂವು ಚಿಕ್ಕದಾಗಿದ್ದರೆ ಅದೇ ಕುಲದ ಲುಡ್ವಿಜಿಯಾ ಪೆರೆನ್ನಿಸ್ ಎನ್ನಬಹುದಿತ್ತು. ನೀರಿನ ಮೇಲೆ ಹರಡುವ ಲುಡ್ವಿಜಿಯಾ ಅಡ್ಸೆಂಡೆನ್ಸ್‌ಗೆ ಕೆನೆಬಣ್ಣದ ಐದು ಎಸಳುಗಳಿರುತ್ತವೆ. ಮುಂದಿನ ಬಾರಿ ಹೂವಿನ ಜೊತೆಗೆ ಕಾಯಿಯ ಚಿತ್ರವನ್ನೂ ದಯವಿಟ್ಟು ತೆಗೆಯಿರಿ.