ಬಾಯಿಮಾತಿನ ‘ಆಗುವುದಿಲ್ಲ’ಕ್ಕೆ ಮೇಲ್ಮನವಿ ಇಲ್ಲ: ಈ ವಾರದ ಕಾನೂನು ಪ್ರಶ್ನೋತ್ತರ

ಗುಂಪಿನ ಸದಸ್ಯರಿಗೆ ನಮಸ್ಕಾರ. ಈ ವಾರ ಬಂದ ಪ್ರಶ್ನೆಗಳಲ್ಲಿ ಸರ್ಕಾರಿ ಕಚೇರಿಗೆ ಸಂಬಂಧಿಸಿದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು, ಸರ್ವೆ ನಂಬರ್, ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಹಾಕಿದ್ದವರ ಪ್ರಶ್ನೆಗಳಿಂದ ಅವನ್ನು ತೆಗೆದಿದ್ದೇನೆ. ಮುಂದೆಯೂ ದಯವಿಟ್ಟು ಹಾಕಬೇಡಿ, ಇಲ್ಲಿ ನಿಮ್ಮ ಎದುರು ಪಕ್ಷದವರೂ ಇರುತ್ತಾರೆ.

ಪ್ರಶ್ನೆ (ತುಮಕೂರು ಜಿಲ್ಲೆಯ ಸದಸ್ಯೆ): ಮೇಡಂ, ನಮ್ಮ ತಂದೆ ಎರಡು ವರ್ಷದ ಹಿಂದೆ ತೀರಿಕೊಂಡರು. ಎರಡು ಎಕರೆ ಹತ್ತು ಗುಂಟೆ ಜಮೀನಿನ ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಈಗ ಅಣ್ಣಂದಿರು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟಿದ್ದಾರೆ. ವಂಶವೃಕ್ಷದಲ್ಲಿ ನನ್ನ ಮತ್ತು ತಂಗಿಯ ಹೆಸರನ್ನೇ ಬಿಟ್ಟಿದ್ದಾರಂತೆ. ಕಚೇರಿಯಲ್ಲಿ ವಿಚಾರಿಸಿದರೆ ‘ನಿಮಗೆ 1991ರಲ್ಲೇ ಮದುವೆಯಾಗಿದೆ, 94ಕ್ಕಿಂತ ಮೊದಲು ಮದುವೆಯಾದವರಿಗೆ ಬರುವುದಿಲ್ಲ’ ಎಂದರು. ನಿಜವೇ?

ಉತ್ತರ: ನಿಜವಲ್ಲ, ಆದರೆ ಆ ಮಾತು ಎಲ್ಲಿಂದ ಬಂತೆಂದು ಹೇಳಬಲ್ಲೆ. ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಕೇಂದ್ರಕ್ಕಿಂತ ನಾವೇ ಮುಂದಿದ್ದೆವು. ಆದರೆ ಆ ತಿದ್ದುಪಡಿಗೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ನಿಮಗೆ ಹೇಳಿದವರು ಅಲ್ಲಿಗೇ ನಿಂತಿದ್ದಾರೆ. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಮಾತೇ ಇಲ್ಲ. ತಂದೆ 2005ರಲ್ಲಿ ಬದುಕಿದ್ದರೇ ಇಲ್ಲವೇ ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರಿಸಿದೆ: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ವಿಭಾಗವಾಗಿದ್ದರೆ ಅಥವಾ ಜಮೀನು ಮಾರಾಟವಾಗಿದ್ದರೆ ಮಾತ್ರ ಅದನ್ನು ಕೆದಕಲು ಬರುವುದಿಲ್ಲ. ಜಮೀನು ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ಹೋಗಿದ್ದರೆ ಇನ್ನೂ ಸರಳ. ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲ ದರ್ಜೆಯ ವಾರಸುದಾರರು, ಪಾಲು ಸಮ.

ಇನ್ನು ಕೆಲಸದ ಮಾತು. ಪೌತಿ ಖಾತೆ ಅರ್ಜಿ ಬಂದಮೇಲೆ ಆಕ್ಷೇಪಣೆಗೆ ನೋಟಿಸ್ ಹೊರಡಿಸಬೇಕು. ಆ ಅವಧಿ ಮುಗಿಯುವ ಮುನ್ನ ತಹಶೀಲ್ದಾರರ ಹೆಸರಿಗೆ ತಕರಾರು ಅರ್ಜಿ ಕೊಡಿ. ಸರ್ವೆ ನಂಬರ್ ಜೊತೆಗೆ ಎಂ.ಆರ್. ಸಂಖ್ಯೆ (ಖಾತೆ ಬದಲಾವಣೆ ವಹಿಯ ಸಂಖ್ಯೆ) ಸಿಕ್ಕಿದರೆ ಅದನ್ನೂ ಬರೆಯಿರಿ. ನೀವು ಆ ತಂದೆಯ ಮಗಳೆಂದು ತೋರಿಸುವ ಕಾಗದ ಬೇಕು. ಹಳೆಯ ಶಾಲೆಯ ವರ್ಗಾವಣೆ ಪತ್ರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಅದರಲ್ಲಿ ತಂದೆಯ ಹೆಸರು ಮದುವೆಗೆ ಮುಂಚಿನ ಕಾಲದ್ದಾಗಿರುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಮೊಹರು ಬೀಳುವವರೆಗೂ ಟೇಬಲ್ ಬಿಟ್ಟು ಕದಲಬೇಡಿ. ಒಮ್ಮೆ ತಕರಾರು ದಾಖಲಾದರೆ ಎರಡೂ ಕಡೆಯವರನ್ನು ಕರೆದು ವಿಚಾರಣೆ ಮಾಡದೆ ಖಾತೆಯನ್ನು ಪ್ರಮಾಣೀಕರಿಸುವಂತಿಲ್ಲ.

ಖಾತೆ ಆಗಿಯೇ ಹೋಗಿದ್ದರೆ ಭೂಕಂದಾಯ ಕಾಯ್ದೆಯ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕು. ಅವಧಿ 60 ದಿನ. ತಡವಾಗಿದ್ದರೆ ಕಾರಣ ಹೇಳಿ ಮನ್ನಿಸಲು ಕೇಳಬಹುದು. ಗಾಬರಿಯಾಗಬೇಡಿ, ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಣ್ಣಂದಿರು ಪೂರ್ತಿ ಮಾಲೀಕರಾಗುವುದಿಲ್ಲ. ಬೇರೆ ಸಾಬೀತಾಗುವವರೆಗೆ ಪಹಣಿಯ ನಮೂದು ಸರಿ ಎಂದು ಭಾವಿಸಬೇಕೆಂದಷ್ಟೇ 133ನೇ ಕಲಂ ಹೇಳುತ್ತದೆ. ಆದರೆ ಅದೇ ಪಹಣಿ ಹಿಡಿದು ಅವರು ಮೂರನೆಯವರಿಗೆ ಕ್ರಯ ಮಾಡಿಕೊಟ್ಟರೆ ನಿಮ್ಮ ಓಡಾಟ ಹತ್ತು ಪಟ್ಟು ಹೆಚ್ಚುತ್ತದೆ. ಆದ್ದರಿಂದ ನಾಳೆಯೇ ಹೋಗಿ.

ಅದೇ ಪ್ರಶ್ನೆಗೆ ಇನ್ನೊಬ್ಬ ಸದಸ್ಯರು: ಮೇಡಂ, ನೀವು ಒಂದೇ ಕಡೆ ಮಾತನಾಡುತ್ತೀರಿ. ನಮ್ಮ ಮನೆಯಲ್ಲಿ ಅಕ್ಕತಂಗಿಯರ ಮದುವೆ ಸಾಲ ತೀರಿಸಿದವರು ನಾವು. ಅವರೇ ಒಪ್ಪಿ ‘ಪಾಲು ಬೇಡ’ ಎಂದು ನೋಟರಿ ಮುಂದೆ ಸಹಿ ಮಾಡಿಕೊಟ್ಟಿದ್ದಾರೆ. ಅದಕ್ಕೆ ಬೆಲೆ ಇಲ್ಲವೇ?

ಉತ್ತರ: ಸ್ವಾಮಿ, ಸಾಲ ತೀರಿಸಿದ್ದು ದೊಡ್ಡ ಮಾತೇ. ಆದರೆ ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಬೇಕು. ನೋಟರಿಯ ಕೆಂಪು ಮೊಹರು ಎಷ್ಟು ಅಂದವಾಗಿದ್ದರೂ ಅದರಿಂದ ಜಮೀನಿನ ಹಕ್ಕು ಕೈ ಬದಲಾಗುವುದಿಲ್ಲ. ಅಕ್ಕತಂಗಿಯರು ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ ಅವರನ್ನೇ ಕರೆದುಕೊಂಡು ಹೋಗಿ ನೋಂದಣಿ ಮಾಡಿಸಿ. ಬರಲು ಹಿಂಜರಿದರೆ, ಒಪ್ಪಿಗೆ ಎಷ್ಟರಮಟ್ಟಿಗೆ ಇತ್ತೆಂದು ನಿಮಗೇ ಗೊತ್ತಾಗುತ್ತದೆ. ಹೆಣ್ಣುಮಕ್ಕಳಿಗೂ ಹೇಳುತ್ತೇನೆ: ಬೆಲೆಯಿಲ್ಲದ ಕಾಗದ ತಾನೇ ಎಂದು ಸಹಿ ಹಾಕಬೇಡಿ. ನಾಳೆ ದಾವೆಯಲ್ಲಿ ಮೊದಲು ಹೊರಬರುವುದು ಅದೇ ಕಾಗದ.

ಮೊದಲ ಸದಸ್ಯೆ: ದಾವೆ ಹಾಕುವ ಶಕ್ತಿ ನಮಗಿಲ್ಲ ಮೇಡಂ.

ಉತ್ತರ: ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೊಠಡಿ ಇರುತ್ತದೆ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ವಕೀಲರನ್ನು ಉಚಿತವಾಗಿ ಕೊಡಬೇಕು, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಮಿತಿ ಇಲ್ಲ. ಸಹಾಯವಾಣಿ 15100. ಜಂಟಿ ಸ್ವಾಧೀನದಲ್ಲಿ ನೀವೂ ಇದ್ದೀರಿ ಎಂಬ ನೆಲೆಯಲ್ಲಿ ಹಾಕುವ ವಿಭಾಗ ದಾವೆಗೆ ನಮ್ಮ ರಾಜ್ಯದಲ್ಲಿ ನ್ಯಾಯಾಲಯ ಶುಲ್ಕ 200 ರೂಪಾಯಿ ದಾಟುವುದಿಲ್ಲ. ಲಕ್ಷಗಟ್ಟಲೆ ಆಗುತ್ತದೆ ಎಂದು ನಿಮ್ಮನ್ನು ಹೆದರಿಸಿದವರು ಯಾರೋ ತಿಳಿಯದು, ಅಂದಾಜು ಮಾಡಬಲ್ಲೆ.

ಪ್ರಶ್ನೆ (ಪುರಸಭೆ ವ್ಯಾಪ್ತಿಯ ನಿವಾಸಿ): ಕ್ರಯವಾದ ನಿವೇಶನದ ಖಾತೆ ಬದಲಾವಣೆಗೆ ಕಾಗದ ಕೊಟ್ಟು ನಾಲ್ಕು ತಿಂಗಳಾಯಿತು. ಕೇಸ್ ವರ್ಕರ್ ‘ಇಟ್ಟು ಹೋಗಿ, ನೋಡೋಣ’ ಎಂದರು. ‘ಸಕಾಲ’ದಡಿ (ಸರ್ಕಾರಿ ಸೇವೆ ನಿಗದಿತ ದಿನದೊಳಗೆ ಸಿಗಬೇಕೆನ್ನುವ ನಮ್ಮ ರಾಜ್ಯದ ಕಾಯ್ದೆ) ದೂರು ಕೊಟ್ಟರೆ ದಿನಕ್ಕೆ 20 ರೂಪಾಯಿ ಪರಿಹಾರ ಕೊಡುತ್ತಾರಂತೆ, ಹೌದೇ?

ಉತ್ತರ: ಹೌದು. ದಿನಕ್ಕೆ 20, ಒಟ್ಟು 500 ಮೀರದಂತೆ, ಅದೂ ತಡಮಾಡಿದ ಅಧಿಕಾರಿಯ ಸಂಬಳದಿಂದ. ಮೊತ್ತ ನೋಡಿ ನಗಬೇಡಿ. ಅಧಿಕಾರಿಗೆ ಬಿಸಿ ತಟ್ಟುವುದು ಐನೂರು ರೂಪಾಯಿಯಿಂದಲ್ಲ, ತನ್ನ ಹೆಸರಿನ ಮುಂದೆ ವಿಳಂಬ ದಾಖಲಾಗುವುದರಿಂದ. ಆದರೆ ನಿಮ್ಮ ಕೈಯಲ್ಲಿ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಇದೆಯೇ? ಪ್ರಶ್ನೆಯಲ್ಲಿ ಎಲ್ಲಿಯೂ ಹೇಳಿಲ್ಲ, ಆದ್ದರಿಂದ ಇಲ್ಲ ಎಂದುಕೊಂಡಿದ್ದೇನೆ. ಹಾಗಿದ್ದರೆ ನಿಮ್ಮ ನಾಲ್ಕು ತಿಂಗಳು ಕಾನೂನಿನ ಲೆಕ್ಕಕ್ಕೇ ಬಂದಿಲ್ಲ. ದಿನಗಳ ಎಣಿಕೆ ಶುರುವಾಗುವುದು ಸ್ವೀಕೃತಿಯಿಂದ. ‘ಇಟ್ಟು ಹೋಗಿ’ ಎಂಬ ಸೌಜನ್ಯದ ಹಿಂದಿರುವ ಜಾಣತನ ಇದೇ.

ಮತ್ತೆ ಅರ್ಜಿ ಬರೆಯಿರಿ, ಸ್ವೀಕೃತಿ ಕೇಳಿ. ಕೊಡದಿದ್ದರೆ ಅದೇ ದಿನ ಮುಖ್ಯಾಧಿಕಾರಿಯ ಹುದ್ದೆಯ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಿ. ಯಾವುದೋ ದಾಖಲೆ ಸಾಲದು ಎಂದರೆ ‘ದಯವಿಟ್ಟು ಹಿಂಬರಹ ಕೊಡಿ’ ಎನ್ನಿ. ಕಾರಣ ಬರೆದು ಸಹಿ ಹಾಕಿದ ಹಿಂಬರಹ ಕೈಗೆ ಬಂದರೆ ಅದರ ಮೇಲೆ ಮೇಲ್ಮನವಿ ನಿಲ್ಲುತ್ತದೆ. ಸಕಾಲ ಕಾಯ್ದೆಯಡಿ ಸಕ್ಷಮ ಅಧಿಕಾರಿಗೆ 30 ದಿನದೊಳಗೆ, ಅಲ್ಲಿಯೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ. ಹಿಂಬರಹ ಕೇಳಿದ ಕೂಡಲೇ ‘ನಾಳೆ ಬನ್ನಿ, ಮಾಡಿಕೊಡೋಣ’ ಎಂದು ರಾಗ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಿರಸ್ಕಾರವನ್ನು ಬರವಣಿಗೆಯಲ್ಲಿ ಇಳಿಸುವುದು ಯಾರಿಗೂ ಇಷ್ಟವಿಲ್ಲ.

ಪ್ರಶ್ನೆ: ನನಗೆ ಪಾಸ್‌ಪೋರ್ಟ್ ಬೇಕು. 1989ರಲ್ಲಿ ಮನೆಯಲ್ಲೇ ಹೆರಿಗೆಯಾಗಿದ್ದು, ಜನನ ನೋಂದಣಿ ಆಗಿಲ್ಲ. ಏಜೆಂಟರೊಬ್ಬರು ಕೋರ್ಟ್ ಆದೇಶ ಮಾಡಿಸಲು ಎಂಟು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಎಂಟು ಸಾವಿರವನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಜನನ ಪ್ರಮಾಣಪತ್ರವೊಂದೇ ದಾಖಲೆ ಎಂಬ ನಿಯಮ 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದವರಿಗೆ. ನಿಮಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ ಇವುಗಳಲ್ಲಿ ಒಂದು ಇದ್ದರೂ ಪಾಸ್‌ಪೋರ್ಟಿಗೆ ಹುಟ್ಟಿದ ದಿನಾಂಕದ ದಾಖಲೆಯಾಗಿ ನಡೆಯುತ್ತದೆ.

ಬೇರೆ ಕಾರಣಕ್ಕೆ ಪ್ರಮಾಣಪತ್ರ ಬೇಕೇ ಬೇಕೆಂದಾದರೂ ದಾರಿ ಬದಲಾಗಿದೆ. ಹಿಂದೆ ಒಂದು ವರ್ಷ ಮೀರಿದ ಜನನಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ತರಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು. ಮೊದಲು ನೋಂದಣಾಧಿಕಾರಿಯಿಂದ ‘ನಮ್ಮ ವಹಿಯಲ್ಲಿ ಈ ಜನನ ದಾಖಲಾಗಿಲ್ಲ’ ಎಂಬ ಪತ್ರ ಪಡೆದು ಅದರೊಂದಿಗೆ ಅರ್ಜಿ ಹಾಕಿ. ಕೋರ್ಟ್ ಆದೇಶ ಮಾಡಿಸುತ್ತೇನೆ ಎನ್ನುವ ಏಜೆಂಟರು ಹಳೆಯ ಪಾಠವನ್ನೇ ಮಾರುತ್ತಿದ್ದಾರೆ.

ಪ್ರಶ್ನೆ (ಅಂಗಡಿ ಮಾಲೀಕರು): ಪ್ರತಿ ತಿಂಗಳೂ ವಿದ್ಯುತ್ ಬಿಲ್ ಕಟ್ಟುತ್ತಿದ್ದೇನೆ. ಈಗ ಆಡಿಟ್‌ನಲ್ಲಿ ಸಿಕ್ಕಿದೆ ಎಂದು ಆರು ವರ್ಷ ಹಿಂದಿನ ಬಾಕಿ ತೋರಿಸಿ 41,000 ರೂಪಾಯಿ ಕೇಳುತ್ತಿದ್ದಾರೆ. ಸೋಮವಾರ ಲೈನ್ ಕಡಿಯುತ್ತಾರಂತೆ.

ಉತ್ತರ: ಸೋಮವಾರ ಕಡಿಯಬೇಕಾದರೆ ಅದಕ್ಕೆ ಪೂರ್ತಿ 15 ದಿನ ಮುಂಚೆ ಲಿಖಿತ ನೋಟಿಸ್ ಬಂದಿರಬೇಕು. ವಿದ್ಯುತ್ ಕಾಯ್ದೆ 2003ರ 56(1). ಲೈನ್‌ಮ್ಯಾನ್ ಬಾಗಿಲಲ್ಲಿ ನಿಂತು ಹೇಳಿದ್ದು ನೋಟಿಸ್ ಅಲ್ಲ. ಬಿಲ್ಲಿನಲ್ಲಿ ಸತತವಾಗಿ ಬಾಕಿಯೆಂದು ತೋರಿಸದೆ ಬಂದ ಮೊತ್ತವನ್ನು ಎರಡು ವರ್ಷ ಕಳೆದಮೇಲೆ ವಸೂಲು ಮಾಡಬಾರದೆಂದು 56(2) ಹೇಳುತ್ತದೆ.

ಇಲ್ಲೊಂದು ತಿರುವು ಇದೆ, ಮುಚ್ಚಿಡುವುದಿಲ್ಲ. ಕಂಪನಿಯ ತಪ್ಪಿನಿಂದ ಕಡಿಮೆ ದರದಲ್ಲಿ ಬಿಲ್ ಆಗಿದ್ದು ಈಗ ಪತ್ತೆಯಾಗಿದ್ದರೆ, ತಡವಾಗಿಯಾದರೂ ಹೆಚ್ಚುವರಿ ಬೇಡಿಕೆ ಕಳುಹಿಸಬಹುದು, ಆದರೆ ಅದಕ್ಕಾಗಿ ಲೈನ್ ಕಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಂದರೆ ಹಣದ ತಕರಾರು ಉಳಿಯಬಹುದು, ಅಂಗಡಿಗೆ ಕತ್ತಲೆ ಬರಬಾರದು. ಮೊದಲು ಅವರಿಂದ ಲೆಕ್ಕದ ವಿವರ ಕೇಳಿ ಬರೆಯಿರಿ: ಯಾವ ತಿಂಗಳು, ಯಾವ ದರ, ಏಕೆ ವ್ಯತ್ಯಾಸ. ತಕರಾರು ಇದ್ದಾಗ ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಕಡಿಮೆಯಾದದ್ದನ್ನು ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಕಟ್ಟಿದರೆ ವಿವಾದ ತೀರುವವರೆಗೆ ಕಡಿಯಲು ಬರುವುದಿಲ್ಲ. ಆಮೇಲೆ ಗ್ರಾಹಕರ ಕುಂದುಕೊರತೆ ವೇದಿಕೆ, ಅಲ್ಲಿಂದ ವಿದ್ಯುತ್ ಒಂಬುಡ್ಸ್‌ಮನ್. ಆದರೆ ಅನಧಿಕೃತ ಬಳಕೆ ಎಂದು 126ನೇ ಕಲಮಿನಡಿ ಆದೇಶ ಮಾಡಿದ್ದರೆ ಹಾದಿಯೇ ಬೇರೆ. 30 ದಿನದಲ್ಲಿ ಮೇಲ್ಮನವಿ, ಅರ್ಧ ಹಣ ಠೇವಣಿ. ನೋಟಿಸಿನಲ್ಲಿ ಯಾವ ಕಲಂ ಬರೆದಿದ್ದಾರೆಂದು ಮೊದಲು ನೋಡಿ.

ಪ್ರಶ್ನೆ: ಇ-ಸ್ವತ್ತು ನಮೂನೆ 9 ಮತ್ತು 11ಕ್ಕೆ (ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳು) ಪಂಚಾಯಿತಿಯಲ್ಲಿ ಹಣ ಕೇಳುತ್ತಿದ್ದಾರೆ. ಕೊಟ್ಟರೆ ನಾನೂ ಅಪರಾಧಿಯೇ?

ಉತ್ತರ: ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ರಕ್ಷಣೆ ಇದೆ. ಕೊಡುವುದಕ್ಕಿಂತ ಮುಂಚೆ ಲೋಕಾಯುಕ್ತ ಪೊಲೀಸರ ಬಳಿ ಹೋಗುವುದು ಇನ್ನೂ ಮೇಲು. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಈಗಿಲ್ಲ, 2022ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಹೋಗುವಾಗ ನಿಮ್ಮ ಅರ್ಜಿಯ ಸ್ವೀಕೃತಿ ಇರಲಿ. ನಿಮ್ಮ ಕೆಲಸ ಆ ಟೇಬಲ್ಲಿನಲ್ಲಿ ಬಾಕಿ ಇತ್ತೆಂದು ತೋರಿಸುವ ಕಾಗದ ಅದು. ಅದಿಲ್ಲದಿದ್ದರೆ ‘ಇವರ ಅರ್ಜಿಯೇ ನನ್ನ ಬಳಿ ಇರಲಿಲ್ಲ’ ಎಂಬುದು ಅವರ ಮೊದಲ ಸಬೂಬು.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ‘ನನ್ನ ಅರ್ಜಿಯನ್ನು ಏಕೆ ತಡಮಾಡಿದಿರಿ’ ಎಂದು ಎರಡು ಪುಟ ಬರೆದು ಕೇಳಿದ್ದೆ. ವಾಪಸ್ ಕಳುಹಿಸಿದ್ದಾರೆ.

ಉತ್ತರ: ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಏಕೆ’ ಎಂದು ಕೇಳಿದರೆ ಉತ್ತರಿಸಬೇಕಾಗಿಲ್ಲ, ಕಡತದಲ್ಲಿ ಇರುವುದನ್ನು ಕೇಳಿದರೆ ಕೊಡಲೇಬೇಕು. ಸಿಟ್ಟನ್ನು ಮನೆಯಲ್ಲಿಟ್ಟು ಹೀಗೆ ಬರೆಯಿರಿ:

“ಇಂತಹ ದಿನಾಂಕದ ನನ್ನ ಅರ್ಜಿಗೆ (ಸ್ವೀಕೃತಿ ಸಂಖ್ಯೆ ಇಂತಹದು) ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. ಅರ್ಜಿ ಯಾವ ದಿನ ಯಾವ ಅಧಿಕಾರಿಯ ಬಳಿ ಇತ್ತು ಎಂಬುದನ್ನು ತೋರಿಸುವ ವಹಿಯ ಪುಟಗಳ ಪ್ರತಿ. ಆ ಅವಧಿಯಲ್ಲಿ ಸದರಿ ಕೆಲಸ ನಿರ್ವಹಿಸಿದವರ ಹೆಸರು ಮತ್ತು ಹುದ್ದೆ.”

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಪ್ರತಿ ಸಾಕು, ಶುಲ್ಕವಿಲ್ಲ. 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಅದೇ ಕಚೇರಿಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ, ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಪೋಸ್ಟಲ್ ಆರ್ಡರ್‌ನ ನಂಬರನ್ನು ಅರ್ಜಿಯಲ್ಲೇ ಬರೆಯಿರಿ. ‘ಶುಲ್ಕ ಬಂದಿಲ್ಲ’ ಎಂದು ಹಿಂತಿರುಗಿಸಿದ ಅರ್ಜಿಗಳು ಈ ಗುಂಪಿನಲ್ಲೇ ಎರಡು ಮೂರು ಬಂದಿವೆ.